ಪುಸ್ತಕವನ್ನು ಸುಲಭಕ್ಕೆ ನಂಬದ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗ್ರಂಥಾಲಯದ ಮಹಡಿಯ ಕಂಪ್ಯೂಟರ್ ಕೋಣೆಯಲ್ಲಿ ಒಂದೇ ಒಂದು ಪರದೆ ಬೆಳಗುತ್ತಿದೆ. ಅದರ ಮುಂದೆ ಕುಳಿತ ನಡುವಯಸ್ಸಿನ ಹೆಂಗಸು ಹೊಚ್ಚಹೊಸ ದಪ್ಪ ಪುಸ್ತಕವೊಂದನ್ನು ಮೊಣಕೈಯಿಂದ ಅದುಮಿ ಹಿಡಿದು, ಅದರಲ್ಲಿರುವ ಪ್ರೋಗ್ರಾಮನ್ನು ಅಕ್ಷರಕ್ಕೆ ಅಕ್ಷರ ಟೈಪ್ ಮಾಡುತ್ತಿದ್ದಾರೆ. ಮುಖದಲ್ಲಿ ಬದನೆಕಾಯಿ ತಿರುಗಿಸಿ ತಿರುಗಿಸಿ ಹುಳದ ತೂತು ಹುಡುಕುವವರ ಭಾವ.

ಹಗಲೆಲ್ಲ ದುಡಿಯುವವರಿಗೆ ಇಲ್ಲಿ ಬೆಳಗಿನ ಹೊತ್ತು ಪ್ರೋಗ್ರಾಮಿಂಗ್ ಕಲಿಸುತ್ತಾರೆ. ಕಲಿಸುವವರು ಇವರೊಬ್ಬರೇ; ಕಲಿಯುವವರ ಬಾಯಲ್ಲಿ ‘ಅನುಮಾನದಕ್ಕ’. ಹೊಸಬರ ಕೈಗೆ ಯಾವ ಪುಸ್ತಕ ಕೊಡಬೇಕೆಂದು ಆರಿಸುವವರೂ ಇವರೇ. ಆರಿಸುವುದೆಂದರೆ ಪುಸ್ತಕದ ಒಂದೊಂದು ಪ್ರೋಗ್ರಾಮನ್ನೂ ಓಡಿಸಿ ನೋಡುವುದು. ಹಾಗೆ ಮಾಡಿ ಎಂದು ಯಾರೂ ಹೇಳಿಲ್ಲ.

“ಮುಖಪುಟದ ಮೇಲೆ ‘ಅತಿ ಸುಲಭ’ ಅಂತ ಕಂಡ್ರೆ ನಂಗೆ ಅಲ್ಲೇ ಅನುಮಾನ. ಬೆಳ್ಳಗಿರೋದೆಲ್ಲ ಹಾಲಲ್ಲ. ಸುಲಭ ಯಾರಿಗೆ? ಬರೆದೋರಿಗಾ?”

ಈ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ. ಮೊದಲ ತಂಡದಲ್ಲಿ ಬಟ್ಟೆ ಹೊಲಿಯುವವಳೊಬ್ಬಳಿದ್ದಳು. ಪುಸ್ತಕ ನೋಡಿಕೊಂಡು ಅಳತೆಗಳನ್ನು ಕೂಡಿಸುವ ಪ್ರೋಗ್ರಾಮ್ ಬರೆಯಲು ಹೊರಟರೆ ಪರದೆಯ ತುಂಬ ತಪ್ಪು, ಮತ್ತೆ ತಪ್ಪು. ಇದು ತನ್ನ ತಲೆಗೆ ಹತ್ತುವುದಲ್ಲವೆಂದು ಬರುವುದನ್ನೇ ಬಿಟ್ಟಳು. ಅಕ್ಕ ಕೂತು ನೋಡಿದರೆ, ಮೊತ್ತವನ್ನು ಸೊನ್ನೆಯಿಂದ ಶುರುಮಾಡುವ ಸಾಲೇ ಅಚ್ಚಿನಲ್ಲಿ ಬಿಟ್ಟುಹೋಗಿತ್ತು. ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಅವಳ ಮನೆಗೇ ಹೋದರು.

“ಬಾಗಿಲು ಅರ್ಧ ತೆಗೆದು, ‘ನಾನು ದಡ್ಡಿ, ಬಿಡಕ್ಕ’ ಅಂದ್ಲು. ‘ದಡ್ಡಿ ನೀನಲ್ಲ ಕಣೇ, ಇದು’ ಅಂತ ಪುಸ್ತಕ ಎತ್ತಿ ತೋರ್ಸಿದೆ.”

ಅವಳು ಮರಳಿ ಬಂದಳು. ಪುಸ್ತಕಗಳ ಮೇಲಿನ ಅಕ್ಕನ ನಂಬಿಕೆ ಮಾತ್ರ ಮರಳಲಿಲ್ಲ.

ಈಗ ಕೈಯಲ್ಲಿರುವ ದಪ್ಪ ಪುಸ್ತಕದ ನಯವಾದ ಹಾಳೆಗೆ ಗ್ರಂಥಪಾಲಕರು ಮನಸೋತಿದ್ದಾರೆ. ತರಗತಿಗೆ ಇದನ್ನು ಕೊಳ್ಳಬೇಕೋ ಬೇಡವೋ ಎಂಬ ತೀರ್ಮಾನ ಇವತ್ತೇ ಆಗಬೇಕು. ಗ್ರಂಥಾಲಯದ ಬಾಗಿಲು ತೆರೆಯುವ ಹೊತ್ತಿಗೆ ಪ್ರಕಾಶಕರ ಮಾರಾಟಗಾರನೂ ಹಲ್ಲು ಬಿಡುತ್ತಾ ಹಾಜರು. ಅಕ್ಕ ಪರದೆಯನ್ನು ಅವನತ್ತ ತಿರುಗಿಸುತ್ತಾರೆ. ಪುಸ್ತಕ ಹೇಳುವ ಉತ್ತರವೇ ಬೇರೆ, ಯಂತ್ರ ಕೊಡುವ ಉತ್ತರವೇ ಬೇರೆ.

“ಅಚ್ಚಿನ ಸಣ್ಣ ತಪ್ಪು ಮೇಡಂ. ಗೊತ್ತಿರೋರು ಸರಿ ಮಾಡ್ಕೋತಾರೆ.”

“ಗೊತ್ತಿರೋರಿಗೆ ಈ ಪುಸ್ತಕ ಯಾಕಪ್ಪಾ?”

ಗ್ರಂಥಪಾಲಕರಿಗೆ ಸಹನೆ ತಪ್ಪುತ್ತದೆ. “ಎಲ್ಲದರಲ್ಲೂ ಹುಳುಕು ಹುಡುಕ್ತಾ ಕೂತ್ರೆ ತರಗತಿ ಶುರುವಾಗೋದು ಯಾವಾಗ ಅಕ್ಕಾ?”

ಆ ಮಾತು ನಾಟುತ್ತದೆ. ಹುಡುಕುವುದೇ ತನಗೊಂದು ಚಟವಾಯಿತೇನೋ ಎಂದು ಅಕ್ಕನಿಗೆ ತನ್ನ ಮೇಲೇ ಅನುಮಾನ. ಎದ್ದು, ಕಪಾಟಿನಿಂದ ತಾವು ಓಡಿಸಿ ನೋಡಿದ್ದ ಬೂದುಬಣ್ಣದ ತೆಳು ಪುಸ್ತಕವೊಂದನ್ನು ತಂದು ಗ್ರಂಥಪಾಲಕರ ಮುಂದಿಡುತ್ತಾರೆ. ಹುಟ್ಟಿದಾಗಿನಿಂದ ಒಂದು ಸಾಲು ಪ್ರೋಗ್ರಾಮ್ ಬರೆದವರಲ್ಲ ಈ ಗ್ರಂಥಪಾಲಕರು.

“ನೀವೇ ಕೂತ್ಕೊಳ್ಳಿ ಸಾರ್. ನಾನು ಬಾಯಿ ಬಿಡಲ್ಲ.”

ಅವರು ಒಂದೊಂದೇ ಅಕ್ಷರ ಒತ್ತುತ್ತಾರೆ. ಪರದೆ ತಪ್ಪು ತೋರಿಸಿ ಕೆಂಪಗಾಗುತ್ತದೆ. “ನೋಡಿ, ಇದೂ ಅದೇ ಹಣೆಬರಹ!” ಎಂದು ಗ್ರಂಥಪಾಲಕರು ಗೊಣಗಿದರೆ ಮಾರಾಟಗಾರ ಕಿಸಕ್ಕನೆ ನಗುತ್ತಾನೆ. ಅಕ್ಕ ತುಟಿ ಕಚ್ಚಿಕೊಂಡು ನಿಂತಿದ್ದಾರೆ. ಗ್ರಂಥಪಾಲಕರು ಪುಟ ತಿರುವುತ್ತಾರೆ. ಅಲ್ಲಿ ಬರೆದಿದೆ: ‘ತಪ್ಪು ಬಂತೇ? ಎಲ್ಲರಿಗೂ ಬರುತ್ತದೆ. ತೆರೆದ ಬ್ರಾಕೆಟ್ ಮುಚ್ಚಿದ್ದೀರಾ, ನೋಡಿ.’ ಮುಚ್ಚಿರಲಿಲ್ಲ. ಮುಚ್ಚುತ್ತಾರೆ. ಉತ್ತರ ಬರುತ್ತದೆ.

ಮಾರಾಟಗಾರ ದಪ್ಪ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಹೊರಟರೂ ಗ್ರಂಥಪಾಲಕರು ತಲೆ ಎತ್ತುವುದಿಲ್ಲ. ಮುಂದಿನ ಪುಟಕ್ಕೆ ಹೋಗಿದ್ದಾರೆ.

ಹಾಗಾದರೆ ಈ ತೆಳು ಪುಸ್ತಕ ಒಳ್ಳೆಯದೇ ಎಂದು ಕೇಳಿದರೆ ಅಕ್ಕ ಹುಬ್ಬು ಗಂಟಿಕ್ಕುತ್ತಾರೆ.

“ಒಳ್ಳೇದು ಅಂತ ಹೇಳಲ್ಲ. ಇಲ್ಲೀವರೆಗೆ ಸಿಕ್ಕಿಬಿದ್ದಿಲ್ಲ, ಅಷ್ಟೇ.”