ಸಡಿಲ ಹೊಟ್ಟೆಯ ಬೆಕ್ಕು

ಮಣಿಪಾಲದ ನನ್ನ ಬಾಡಿಗೆ ಕೋಣೆಯ ಮೇಜಿನ ಮೇಲೆ, ತಿದ್ದಬೇಕಾದ ಉತ್ತರಪತ್ರಿಕೆಗಳ ಪಕ್ಕದಲ್ಲಿ, ಮೂರು ವಾರ ಬೂದು ಬಣ್ಣದ ಉಣ್ಣೆಯ ಉಂಡೆಯೊಂದು ಕುಳಿತಿತ್ತು. ಅದು ಬೆಕ್ಕಾಗಬೇಕಿತ್ತು. ಕಾರ್ಕಳದಲ್ಲಿರುವ ಅಣ್ಣನ ಮಗಳು ಆದ್ಯಾಳಿಗೆ ಮೂರೂವರೆ ವರ್ಷ. ಬೆಕ್ಕೆಂದರೆ ಪ್ರಾಣ, ಆದರೆ ಅವಳು ಹತ್ತಿರ ಹೋದೊಡನೆ ನೆರೆಕರೆಯ ಬೆಕ್ಕುಗಳೆಲ್ಲ ಓಡುತ್ತವೆ. ನಾನು ಹತ್ತಿರ ಹೋದೊಡನೆ ಅವಳು ಓಡುತ್ತಾಳೆ. ಮಕ್ಕಳನ್ನು ಮಾತನಾಡಿಸಲು ನನಗೆ ಬರುವುದಿಲ್ಲ. ಹೆಸರು ಕೇಳಿದರೂ ಮೌಖಿಕ ಪರೀಕ್ಷೆ ನಡೆಸಿದ ಹಾಗಿರುತ್ತದೆಂದು ಅಣ್ಣ ಹೇಳುತ್ತಾನೆ. ಇಷ್ಟು ದಿನ ಅದರಿಂದ ಯಾರಿಗೂ ತೊಂದರೆಯಿರಲಿಲ್ಲ. ಈಗ ಅತ್ತಿಗೆ ಮತ್ತೆ ಕೆಲಸಕ್ಕೆ ಸೇರುವವಳಿದ್ದಳು, ಶನಿವಾರಗಳಂದು ಮಗುವನ್ನು ನೋಡಿಕೊಳ್ಳುತ್ತೇನೆಂದು ನಾನು ಒಪ್ಪಿಬಿಟ್ಟಿದ್ದೆ. ನನ್ನನ್ನು ಕಂಡರೆ ಅಳುವ ಮಗುವಿನೊಡನೆ ಇಡೀ ದಿನ ಕಳೆಯುವುದು ಹೇಗೆಂದು ಅತ್ತಿಗೆಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಶನಿವಾರ ಬಿಡುವಿದ್ದವರು ಬೇರೆ ಯಾರೂ ಇರಲೂ ಇಲ್ಲ.

ಉಣ್ಣೆ ಹೆಣೆಯುವ ಕ್ರೋಶಾ ಕಡ್ಡಿ ಹಿಡಿಯುವುದನ್ನು ಫೋನಿನಲ್ಲಿ ವಿಡಿಯೋ ನೋಡಿ ಕಲಿತೆ. ಒಂದು ಸುತ್ತೂ ತಪ್ಪಲಿಲ್ಲ. ಆದರೂ ಹತ್ತಿ ತುಂಬಿಸಿದಾಗ ಬೆಕ್ಕಿನ ಮೈತುಂಬ ಕಿಂಡಿಗಳು, ಕಿಂಡಿಗಳ ತುಂಬ ಬಿಳುಪು. ಶಂಕರಪುರದ ಮನೆಗೆ ಕೊಂಡುಹೋಗಿ ಅಮ್ಮನಿಗೆ ತೋರಿಸಿದೆ. ಅವರು ಚಾವಡಿಯಲ್ಲಿ ಮಲ್ಲಿಗೆ ಕಟ್ಟುತ್ತಿದ್ದರು.

"ಎಂತದ್ದು ಮಾರಾಯ್ತಿ ಇದು? ಬೆಕ್ಕಿಗೆ ಸೆಕೆಯಾಗ್ತದೆ ಅಂತ ಕಿಟಕಿ ಇಟ್ಟದ್ದಾ?"

ನಾನು ಇನ್ನೊಂದು ಸುತ್ತು ಹೆಣೆದು ತೋರಿಸಿದೆ. ಅಮ್ಮ ಬೆಕ್ಕನ್ನು ಬಿಟ್ಟು ನನ್ನ ಬೆರಳುಗಳನ್ನೇ ನೋಡಿದರು. "ಮಲ್ಲಿಗೆ ಕಟ್ಟಿದ ಹಾಗೆ ಕಟ್ಟಿದ್ದಿ. ಉಣ್ಣೆಗೆ ನೋವಾಗುದಿಲ್ಲ, ಎಳಿ."

ಮಲ್ಲಿಗೆ ಕಟ್ಟಿ ಬಲ್ಲವರಿಗೆ ಇದು ಬೇಗ ಅರ್ಥವಾದೀತು. ಬಾಳೆನಾರನ್ನು ಒಂದಿಷ್ಟು ಹೆಚ್ಚು ಎಳೆದರೆ ಮೊಗ್ಗಿನ ತೊಟ್ಟು ಕತ್ತರಿಸಿಹೋಗುತ್ತದೆ. ಆದ್ದರಿಂದ ಎಳೆಯುವ ಕೈ, ಎಳೆತ ಮುಗಿಯುವ ಮೊದಲೇ ನಿಲ್ಲಲು ಕಲಿಯಬೇಕು. ಆರನೇ ವಯಸ್ಸಿನಲ್ಲಿ ನಾನು ಕಲಿತದ್ದು ಅದು. ಹಾಗೆ ಮೊದಲೇ ನಿಂತುಬಿಡುವ ಅಭ್ಯಾಸ ಬೆರಳುಗಳಲ್ಲಿ ಮಾತ್ರ ಉಳಿದಿರಲಾರದು ಎಂದು ಆ ದಿನ ಮರಳುವ ಬಸ್ಸಿನಲ್ಲಿ ಕುಳಿತಾಗ ಅನ್ನಿಸಿತು. ಗೆಳತಿಯರ ಕಷ್ಟದ ಸುದ್ದಿ ಕೇಳಿದಾಗ ಫೋನು ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟದ್ದುಂಟು. ಅವರ ಮನೆ ಬಾಗಿಲ ತನಕ ಹೋಗಿ ಹಿಂದಿರುಗಿದ್ದೂ ಉಂಟು. ಅವರಿಗೆ ನೋವಾಗಬಾರದೆಂದು ನಾನು ಅಂದುಕೊಂಡಿದ್ದೆ. ಅವರು ಏನೆಂದುಕೊಂಡರೋ ನಾನು ಕೇಳಲಿಲ್ಲ.

ಬೆಕ್ಕನ್ನು ಬಿಚ್ಚಿ ಮತ್ತೆ ಹೆಣೆದೆ. ಹಲ್ಲುಕಚ್ಚಿ ಎಳೆದೆ, ತೋರುಬೆರಳಿನಲ್ಲಿ ಗೆರೆ ಮೂಡಿತು. ಹೊಟ್ಟೆಯ ಅಡಿಯ ನಾಲ್ಕು ಸುತ್ತುಗಳನ್ನು ಮಾತ್ರ ಬಿಚ್ಚದೆ ಬಿಟ್ಟೆ. ಕೂತ ಬೆಕ್ಕಿನ ಅಡಿಭಾಗ ಯಾರಿಗೆ ಕಾಣುತ್ತದೆ?

ಕಾರ್ಕಳಕ್ಕೆ ಹೋದಾಗ ಆದ್ಯಾ ಎಂದಿನಂತೆ ಅತ್ತಿಗೆಯ ಹಿಂದೆ ಸೇರಿಕೊಂಡಳು. ಬೆಕ್ಕನ್ನು ನೆಲದ ಮೇಲೆ ಕೂರಿಸಿ, ನಾನು ಆ ದಿನದ ನ್ಯೂಸ್ ಪೇಪರ್ ಬಿಡಿಸಿ ಮುಖದ ಮುಂದೆ ಹಿಡಿದೆ. ಬೆಕ್ಕು ಓಡಲಿಲ್ಲ. ಬಹಳ ಹೊತ್ತಿನ ಮೇಲೆ ಅವಳು ಅದನ್ನು ಎತ್ತಿಕೊಂಡು ಊಟದ ಮೇಜಿನಡಿಗೆ ಹೋದಳು. ಇನ್ನೂ ಬಹಳ ಹೊತ್ತಿನ ಮೇಲೆ ಪೇಪರಿನ ಆ ಬದಿಯಿಂದ ಧ್ವನಿ ಬಂತು.

"ಇದರ ಹೊಟ್ಟೆಲಿ ತೂತು ಉಂಟು."

ಅವಳು ನನ್ನೊಡನೆ ಆಡಿದ ಮೊದಲ ಮಾತು ಒಂದು ದೂರು, ಅದೂ ನ್ಯಾಯವಾದದ್ದು. ತಪ್ಪು ಒಪ್ಪಿಕೊಂಡೆ. ಚೀಲದಲ್ಲಿ ಉಳಿದಿದ್ದ ಉಣ್ಣೆಯ ಉಂಡೆಯನ್ನೂ ದಬ್ಬಣವನ್ನೂ ತೆಗೆದೆ. ಅವಳು ಕಿರುಬೆರಳಿನಿಂದ ಹತ್ತಿಯನ್ನು ಒಳಗೆ ತಳ್ಳಿದಳು, ನಾನು ಹೊಲಿದೆ. ಗಂಟು ಬಿಗಿಯುವ ಹೊತ್ತಿಗೆ ನನ್ನ ಕೈ ಹಿಡಿದಳು.

"ಮೆಲ್ಲ. ಅದಕ್ಕೆ ನೋವಾಗ್ತದೆ."

"ಉಣ್ಣೆಗೆ ನೋವಾಗುದಿಲ್ಲ."

ಅವಳು ನಂಬಲಿಲ್ಲ. ಬೆಕ್ಕಿನ ಎರಡು ಕಣ್ಣುಗಳನ್ನೂ ಬೆರಳುಗಳಿಂದ ಮುಚ್ಚಿ, ನನ್ನ ಮೊಣಕಾಲಿಗೆ ಒರಗಿ, "ಈಗ ಎಳಿ" ಎಂದಳು.

ಎಳೆದೆ.