ಹಿಂದೆ ಬಿದ್ದವರ ಮೋಡ್

ಬಿಸಿಯಾದ ಯಂತ್ರದೊಳಗೆ ಧೂಳು ಸುಡುವಾಗ ಒಂದು ವಾಸನೆ ಬರುತ್ತದೆ. ಹಳೆಯ ಟಿ.ವಿ.ಯ ಬೆನ್ನ ಹತ್ತಿರ ಮೂಗು ತಂದು ನೋಡಿದವರಿಗೆ ಅದು ಗೊತ್ತು. ನೋಡದವರಿಗೆ ವಿವರಿಸಲು ನನ್ನಿಂದಾಗದು. ಒಳ್ಳೆಯ ವಾಸನೆಯಂತೂ ಅಲ್ಲ, ಆದರೆ ಕೆಟ್ಟದ್ದು ಅನ್ನಲು ಮನಸ್ಸು ಬಾರದು. ಮೊನ್ನೆ ಒಂದು ಭಾನುವಾರ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ ಹೊರಗಿನ ಕೋಣೆಗೆ ಬಂದಾಗ ಆ ವಾಸನೆ ಬಂತು, ನಾನು ಅಲ್ಲೇ ನಿಂತೆ. ಟಿ.ವಿ. ಎದುರು ನನ್ನ ಹೆಂಡತಿ ಸುಮಾ ಚಕ್ಕಳಮಕ್ಕಳ ಹಾಕಿ ಕುಳಿತು ವಿಡಿಯೋ ಗೇಮ್ ಆಡುತ್ತಿದ್ದಳು.

ನಗಬೇಡಿ. ಸುಮಾ ಕಿಗ್ಗದ ಕಡೆಯ ಒಂದು ಶಾಲೆಯಲ್ಲಿ ಟೀಚರ್. ಅವಳ ತಮ್ಮ ಹೊಸ ಯಂತ್ರ ಕೊಂಡವನು, ಹಳೆಯದನ್ನು ಎಸೆಯಲಾರದೆ ಶೃಂಗೇರಿಯ ನಮ್ಮ ಮನೆಗೆ ತಂದಿಟ್ಟು ಹೋಗಿದ್ದ. ಸ್ವಲ್ಪ ದಿನ ಅದು ಕಸೂತಿ ಬಟ್ಟೆ ಹೊದ್ದುಕೊಂಡು ಇತ್ತು. ಆಮೇಲೆ ಯಾವಾಗ ಬಟ್ಟೆ ತೆಗೆದಳೋ, ಯಾವಾಗ ಕಲಿತಳೋ ನನಗೆ ತಿಳಿಯದು. ಈಗ ರಜೆಯ ದಿನ ಅವಳು ಒಂದು ಕಾಡಿನಲ್ಲಿ ಓಡಾಡಿಕೊಂಡು ಗಿಡಮೂಲಿಕೆ ಕೀಳುತ್ತಿರುತ್ತಾಳೆ. ಕಿಟಕಿ ತೆಗೆದರೆ ನಿಜವಾದ ಗುಡ್ಡವೇ ಕಾಣುವ ಊರಿನಲ್ಲಿ ಟಿ.ವಿ.ಯೊಳಗಿನ ಕಾಡಿಗೆ ಹೋಗುವುದೇಕೆ ಎಂದು ಕೇಳಿದ್ದೆ. ಅಲ್ಲಿ ಕಾಲಿಗೆ ಹತ್ತಿ ರಕ್ತ ಹೀರುವ ಇಂಬಳ ಇಲ್ಲ ಎಂದಿದ್ದಳು. ಆ ಆಟದಲ್ಲಿ ಮೂಲತಃ ರಾಕ್ಷಸರು ಇದ್ದಾರಂತೆ. ಅವರು ಬಾರದ ಹಾಗೆ ಇವಳು ಆಟದ ರೀತಿಯನ್ನೇ ಬದಲಿಸುವ ಯಾವುದೋ ಮೋಡ್ ಹಾಕಿಕೊಂಡಿದ್ದಾಳೆ.

"ರಾಕ್ಷಸರೇ ಇಲ್ಲದಿದ್ರೆ ಗೆಲ್ಲುದು ಯಾರನ್ನ?" ಎಂದೆ.

"ಸೋಮವಾರದಿಂದ ಶನಿವಾರದವರೆಗೆ ಮೂರನೇ ಕ್ಲಾಸಿನ ಹತ್ರ ಯುದ್ಧ ಮಾಡಿ ಬಂದಿದೀನಿ ಮಾರಾಯ್ರೆ. ಮನೇಲೂ ಎಂತಕ್ಕೆ?"

ಆ ವಾಸನೆ ಮೂಗಿಗೆ ಬಂದದ್ದಕ್ಕೋ ಏನೋ, ಅವತ್ತು ನನಗೂ ಆಡಬೇಕೆನಿಸಿತು. ಕಾರ್ ರೇಸು ಇದೆಯಾ ಎಂದು ಕೇಳಿದೆ. ಇತ್ತು. ಹಾಕಿ ಕೊಟ್ಟಳು. ಆಟ ಶುರುವಾಗುವ ಬದಲು ಪ್ರಶ್ನೆಗಳು ಶುರುವಾದವು. ಸುಲಭವೋ, ಸಾಧಾರಣವೋ, ಕಠಿಣವೋ? ಒಬ್ಬನೇ ಗಡಿಯಾರದ ಎದುರು ಓಡುವೆಯೋ, ಯಂತ್ರದ ಎದುರೋ, ಕಂಡರಿಯದ ಪರದೇಶದವನ ಎದುರೋ? ಬರೀ ಊರು ಸುತ್ತಿಕೊಂಡು ಇರುವೆಯೋ? ಕಥೆ ಮಾತ್ರ ಸಾಕೆನ್ನುವವರಿಗೂ ಒಂದು ದಾರಿ ಇತ್ತು. ನಾನು ಹೋಟೆಲಿನಲ್ಲಿ ಪಕ್ಕದ ಟೇಬಲ್ಲಿನವರ ತಟ್ಟೆ ನೋಡಿ ಅದನ್ನೇ ತರಲು ಹೇಳುವವನು. ನನ್ನಂಥವನನ್ನು ಕೂರಿಸಿಕೊಂಡು ನೀನು ಎಂಥ ಮನುಷ್ಯ ಎಂದು ಕೇಳಿದರೆ ನಾನು ಏನು ಹೇಳಲಿ?

ಹಿಂದೆ ನಾನು ಆಡುತ್ತಿದ್ದ ಪದ್ಮಕ್ಕನ ಅಂಗಡಿಯಲ್ಲಿ ಈ ಕಷ್ಟ ಇರಲಿಲ್ಲ. ಕೊಪ್ಪದ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಹೋಟೆಲಿನ ಮಹಡಿಯ ಮೇಲೆ ಆಕೆಯ ಎಸ್.ಟಿ.ಡಿ. ಬೂತ್ ಇತ್ತು. ಎಲ್ಲರ ಕೈಗೂ ಮೊಬೈಲು ಬಂದು ಬೂತಿಗೆ ಜನ ಬಾರದಾದಾಗ ಆಕೆ ಎರಡು ಟಿ.ವಿ. ತಂದು ಗೇಮ್ ಅಂಗಡಿ ಮಾಡಿದರು. ಕೆಳಗಿನಿಂದ ಗೋಳಿಬಜೆ ಕರಿಯುವ ವಾಸನೆ, ಮೇಲೆ ಈ ಧೂಳಿನ ವಾಸನೆ. ಪದ್ಮಕ್ಕ ತಾವು ಒಂದು ದಿನವೂ ಆಡಿದವರಲ್ಲ. ಮೆಟ್ಟಿಲು ಹತ್ತಿ ಬಂದವನ ಮುಖವನ್ನು ಒಮ್ಮೆ ನೋಡಿ, ತಾವೇ ಒಂದೆರಡು ಗುಂಡಿ ಒತ್ತಿ, ರಿಮೋಟು ಕೈಗೆ ಕೊಡುತ್ತಿದ್ದರು. ಪರೀಕ್ಷೆಯಲ್ಲಿ ನಪಾಸಾಗಿ ಬಂದವನು ಅಂದು ಹೇಗೋ ಗೆಲ್ಲುತ್ತಿದ್ದ. ಜಂಬ ಮಾಡುತ್ತ ಬಂದವನು ಬೆವರಿಕೊಂಡು ಇಳಿಯುತ್ತಿದ್ದ. ವಯಸ್ಸಾದ ಗುಮಾಸ್ತರೊಬ್ಬರು ಬರುತ್ತಿದ್ದರು. ಅವರಿಗೆ ಯಾರೂ ಇಲ್ಲದ ಖಾಲಿ ಮೈದಾನದಲ್ಲಿ ಒಂದು ಕಾರು ಕೊಟ್ಟು ಬಿಡುತ್ತಿದ್ದರು. ಗುಮಾಸ್ತರು ಬಸ್ಸು ಬರುವವರೆಗೆ ಅದನ್ನು ಮೆಲ್ಲಗೆ ಸುತ್ತಿಸಿ, ಬಹಳ ಉಪಕಾರವಾಯಿತು ಎಂದು ಹೇಳಿ ಹೋಗುತ್ತಿದ್ದರು.

ನಾನು ಮತ್ತು ಶೇಖರ ಅಲ್ಲಿಗೆ ಹೋಗುತ್ತಿದ್ದದ್ದು ಸ್ಟುಡಿಯೋ ಸಾಮಾನು ತರುವ ನೆಪದಲ್ಲಿ. ಶೃಂಗೇರಿಯಲ್ಲಿ ದೇವಸ್ಥಾನಕ್ಕೆ ಹೋಗುವ ದಾರಿಯಲ್ಲಿ ನಮ್ಮಿಬ್ಬರ ಪಾಲುದಾರಿಕೆಯ ಒಂದು ಫೋಟೋ ಸ್ಟುಡಿಯೋ ಇತ್ತು. ಯಾತ್ರೆಗೆ ಬಂದವರನ್ನು ಹೊಳೆಯ ಮೆಟ್ಟಿಲ ಮೇಲೆ ನಿಲ್ಲಿಸಿ, ಮೀನಿಗೆ ಅಕ್ಕಿ ಎರಚುವ ಹಾಗೆ ಕೈ ಚಾಚಿಸಿ ಫೋಟೋ ತೆಗೆಯುತ್ತಿದ್ದೆವು. ತೆಗೆಯುವುದು ಶೇಖರ, ತೊಳೆದು ಕತ್ತರಿಸಿ ಕವರಿಗೆ ಹಾಕುವುದು ನಾನು. ನಮ್ಮಿಬ್ಬರಲ್ಲಿ ಕೈಗುಣ ಇದ್ದದ್ದು ಅವನಿಗೆ. ಕಾರ್ ರೇಸಿನಲ್ಲೂ ಅಷ್ಟೆ, ಅವನು ಮುಂದೆ, ನಾನು ಅವನ ಹಿಂದಿನ ದೀಪ ನೋಡಿಕೊಂಡು ಹೋಗುವವನು. ಆದರೂ ಎಷ್ಟೋ ಸಲ ನಾನೇ ಗೆದ್ದುಬಿಡುತ್ತಿದ್ದೆ. ಹೇಗೆಂದು ಇಬ್ಬರೂ ಯೋಚಿಸಿದವರಲ್ಲ.

ಆಮೇಲೆ ಯಾತ್ರಿಕರ ಮೊಬೈಲುಗಳಲ್ಲೂ ಕ್ಯಾಮೆರಾ ಬಂತು. ಅಂಗಡಿ ಒಬ್ಬನಿಗೆ ಸಾಕು, ಇಬ್ಬರಿಗೆ ಸಾಲದು ಎಂಬುದು ಇಬ್ಬರಿಗೂ ತಿಳಿದಿತ್ತು, ಬಾಯಿ ಬಿಟ್ಟು ಹೇಳಲು ಇಬ್ಬರಿಗೂ ಸಂಕೋಚ. ಕೊನೆಗೆ ಒಂದು ದಿನ ಪದ್ಮಕ್ಕನ ಅಂಗಡಿಯಲ್ಲಿ ಕೂತಾಗ ಶೇಖರ ಹೇಳಿದ:

"ಒಂದು ಆಟ ಆಡುವ ಮಾರಾಯ. ಗೆದ್ದವನಿಗೆ ಸ್ಟುಡಿಯೋ."

ನಗುತ್ತಲೇ ಹೇಳಿದ. ನಾನೂ ನಗುತ್ತಲೇ ಒಪ್ಪಿದೆ. ಆ ನಗು ಯಾವ ತಿರುವಿನಲ್ಲಿ ನಿಂತಿತೋ ನನಗೆ ನೆನಪಿಲ್ಲ. ಶೇಖರ ಬಹಳ ಮುಂದಿದ್ದ. ಕೊನೆಯ ತಿರುವಿಗೆ ಬಂದಾಗ ಹಿಂದಿನಿಂದ ಯಾರೋ ನೂಕಿದ ಹಾಗೆ ನನ್ನ ಕಾರು ಅವನ ಪಕ್ಕದಲ್ಲೇ ಹಾರಿ ಗೆರೆ ದಾಟಿತು. ಶೇಖರ ರಿಮೋಟನ್ನು ಮೆಲ್ಲಗೆ ಬೆಂಚಿನ ಮೇಲಿಟ್ಟು ತನ್ನ ಬಲಗೈ ನೋಡಿಕೊಂಡ.

"ಕೊನೇ ಹೊತ್ತಿಗೆ ಕೈ ನಡುಗಿತು ಮಾರಾಯ," ಎಂದ.

ಸ್ಟುಡಿಯೋ ನನಗೆ ಉಳಿಯಿತು. ಬೇಡವೆಂದು ನಾನು ಹೇಳಿದ್ದುಂಟು. ಆಟ ಅಂದರೆ ಆಟ ಎಂದು ಅವನು ಕೇಳಲಿಲ್ಲ. ಇಂದು ಅದೇ ಅಂಗಡಿಯಲ್ಲಿ ಪಾಸ್‌ಪೋರ್ಟ್ ಸೈಜಿನ ಮುಖಗಳನ್ನು ಕತ್ತರಿಸುತ್ತ, ಜೆರಾಕ್ಸ್ ಮಾಡುತ್ತ ಕೂತಿದ್ದೇನೆ. ಹೀಗೆ ಹೇಳಿದರೂ ಆ ಗೆಲುವಿನ ಮೇಲೆ ನನಗೆ ಒಳಗೊಳಗೇ ಪ್ರೀತಿ ಇತ್ತು. ಬದುಕಿನಲ್ಲಿ ನಾನು ಪಣವಿಟ್ಟು ಗೆದ್ದದ್ದು ಅದೊಂದೇ. ಶೇಖರ ಕೊಪ್ಪದಲ್ಲಿ ಮದುವೆ ವಿಡಿಯೋ ಮಾಡುವವರ ಜೊತೆ ಸೇರಿಕೊಂಡ. ಅವನು ಅಡಿಗೆಯವರನ್ನು ತೆಗೆಯುತ್ತಾನೆ, ಕಂಬಕ್ಕೆ ಒರಗಿ ನಿದ್ದೆ ಹೋದ ಮಗುವನ್ನು ತೆಗೆಯುತ್ತಾನೆ, ಚಪ್ಪಲಿ ಹುಡುಕುವ ಅಜ್ಜಿಯನ್ನು ತೆಗೆಯುತ್ತಾನೆ. ಧಾರೆ ಎರೆಯುವ ಹೊತ್ತು ಬಂತೆಂದರೆ ಮುಖ್ಯ ಕ್ಯಾಮೆರಾ ಬೇರೆಯವರ ಕೈಗೆ ಕೊಟ್ಟು ಹಿಂದೆ ಸರಿಯುತ್ತಾನೆ. ಕೇಳಿದರೆ ಆ ಆಟದ ದಿನದಿಂದ ಒಂದೇ ಮಾತು: "ಕೊನೇ ಹೊತ್ತಿಗೆ ನನ್ನ ಕೈ ಆಗುದಿಲ್ಲ." ಈಗ ಎನ್.ಆರ್. ಪುರದಲ್ಲಿ ಅವನ ಅಣ್ಣನ ಮಗಳ ಮದುವೆ ನಿಶ್ಚಯವಾಗಿದೆ. ಧಾರೆಯನ್ನು ಚಿಕ್ಕಪ್ಪನೇ ತೆಗೆಯಬೇಕೆಂದು ಆ ಹುಡುಗಿ ಹಟ ಹಿಡಿದಿದ್ದಾಳೆ. ಇವನು ಆಗದು ಎಂದು ಕೂತಿದ್ದಾನೆ. ಆ ಮನೆಯಲ್ಲಿ ಈಗ ಅದೇ ಮಾತು, ಅದೇ ಮುನಿಸು.

ಇಷ್ಟೆಲ್ಲ ತಲೆಯಲ್ಲಿ ಓಡುತ್ತಿರುವಾಗ ನಾನು ರಿಮೋಟು ಹಿಡಿದು ಪರದೆಯ ಎದುರು ಸುಮ್ಮನೆ ಕೂತಿದ್ದೆ. "ಕ್ಯಾಚ್ ಅಪ್" ಎಂಬ ಇನ್ನೊಂದು ಮೋಡ್ ಕಂಡಿತು. ಇದೇನೆಂದು ಸುಮಾಳನ್ನು ಕೇಳಿದೆ.

"ಅದು ಇಬ್ಬರು ಆಡುವಾಗ ಹಿಂದೆ ಬಿದ್ದವರಿಗೆ. ಹಿಂದೆ ಇದ್ದವನ ಕಾರಿಗೆ ಆಟವೇ ಜಾಸ್ತಿ ಸ್ಪೀಡ್ ಕೊಡ್ತದೆ, ಮುಂದಿದ್ದವನದ್ದು ಸ್ವಲ್ಪ ಹಿಂದಕ್ಕೆ ಎಳಿತದೆ. ನಾವು ಕ್ಲಾಸಲ್ಲಿ ಮಾಡುದಿಲ್ವಾ, ಹಾಗೆ."

"ಹಳೇ ಆಟದಲ್ಲೂ ಇರ್ತಿತ್ತಾ?"

"ಇರ್ತಿತ್ತೇನೋ. ಎಂತಕ್ಕೆ ಮುಖ ಹಾಗೆ ಮಾಡಿದ್ರಿ?"

ಅಂದು ಕೊನೆಯ ತಿರುವಿನಲ್ಲಿ ನನ್ನ ಕಾರನ್ನು ನೂಕಿದ್ದು ಇದೇ ಇರಬಹುದೇ ಎನಿಸಿತು. ಮರುದಿನವೇ ಅಂಗಡಿಗೆ ಬಾಗಿಲು ಹಾಕಿ ಕೊಪ್ಪದ ಬಸ್ಸು ಹತ್ತಿದೆ. ಮಹಡಿಯ ಅದೇ ಕೋಣೆಯಲ್ಲಿ ಪದ್ಮಕ್ಕ ಈಗ ಬ್ಲೌಸು ಹೊಲಿಯುತ್ತಾರೆ. ಕನ್ನಡಕದ ಮೇಲಿಂದ ನನ್ನನ್ನು ನೋಡಿ, ಮುಖ ಕಂಡೇ ವಿಷಯ ಇದೆ ಎಂದು ತಿಳಿದವರ ಹಾಗೆ ಮಿಷನ್ ನಿಲ್ಲಿಸಿದರು. ನಾವು ಆಡುವಾಗ ಆ ಮೋಡ್ ಹಾಕಿರುತ್ತಿದ್ದರೇ ಎಂದು ನಾನು ಕೇಳಿದೆ.

"ಹಾಕಿಯೇ ಇಡ್ತಿದ್ದೆ. ಇಲ್ಲದಿದ್ರೆ ನೀನು ದಿನಾ ಸೋಲ್ತಿದ್ದೆ. ಸೋತವ ನಾಳೆ ಬರಬೇಕಲ್ದಾ ಮಾರಾಯ?"

"ನಮ್ಮನ್ನ ಒಂದು ಮಾತು ಕೇಳ್ಬಹುದಿತ್ತು ಪದ್ಮಕ್ಕ."

"ಕೇಳಿದ್ರೆ ಎಲ್ಲರೂ ಕಷ್ಟದ್ದೇ ಕೊಡಿ ಅಂತಾರೆ."

ನಾನು ಆ ದಿನದ ಪಂದ್ಯದ ಕಥೆ ಹೇಳಿದೆ. ಅವರು ಸೂಜಿಗೆ ದಾರ ಪೋಣಿಸತೊಡಗಿದರು.

"ನನಗೆ ಹೇಳಿದ್ರೆ ತೆಗಿತಿದ್ದೆ," ಎಂದರು. "ನೀವು ಯಾಕೆ ಆಡ್ತಿದೀರಿ ಅಂತ ನನಗೆ ಯಾರು ಹೇಳಿದ್ರು? ನಾನು ಎಂದಿನ ಹಾಗೇ ಅಂತ ತಿಳ್ಕೊಂಡೆ."

ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ತಲೆ ಕೆಟ್ಟು ಗೊಬ್ಬರವಾಗಿತ್ತು. ಪದ್ಮಕ್ಕನ ಮೇಲೆ ಸಿಟ್ಟು ಮಾಡೋಣವೆಂದರೆ, ಅವರ ದಯೆಯಿಂದಲ್ಲವೇ ನಾನು ಅಷ್ಟು ದಿನ ಸಂತೋಷವಾಗಿ ಆಡಿದ್ದು? ಶೇಖರನಿಗೆ ಹೇಳಬೇಕು, ಸರಿ. ಹೇಳಿದರೆ ನನ್ನ ಒಂದೇ ಒಂದು ಗೆಲುವು ಹೋಯಿತು, ಅದು ಹೋಗಲಿ. ಆದರೆ ಶೇಖರ ಹೆದರಿಕೊಂಡು ಹಿಂದೆ ಸರಿದವನೋ, ಅಥವಾ ಸುಮಾಳ ಹಾಗೆ ರಾಕ್ಷಸರು ಬೇಡವೆಂದು ತನಗೆ ಬೇಕಾದ ಕಡೆ ಓಡಾಡಿಕೊಂಡು ಇರುವವನೋ? ಅವನು ತೆಗೆದ ಆ ಅಜ್ಜಿಯರನ್ನು, ಮಕ್ಕಳನ್ನು ನೋಡಿದರೆ ಸೋತವನ ಕೆಲಸದಂತೆ ಕಾಣುವುದಿಲ್ಲ. ಒಬ್ಬ ಮನುಷ್ಯ ತನ್ನ ಮೋಡಿನಲ್ಲಿ ಸುಖವಾಗಿರುವಾಗ ನಾನು ಹೋಗಿ ಗುಂಡಿ ಒತ್ತುವುದು ಸರಿಯೇ? ಹಾಗೆಂದು ಒತ್ತದೆ ಇದ್ದರೆ, ಅದೂ ಪದ್ಮಕ್ಕ ಮಾಡಿದ ಕೆಲಸವೇ ಆಗಲಿಲ್ಲವೇ? ಹೀಗೆ ಯೋಚಿಸುತ್ತ ನಾನು ಇಳಿಯುವ ಸ್ಟಾಪು ದಾಟಿ ಹೋಗಿ, ಬಿಸಿಲಿನಲ್ಲಿ ಹಿಂದಕ್ಕೆ ನಡೆದು ಬಂದೆ.

ಸುಮಾಳನ್ನು ಕೇಳಿದೆ. ಅವಳು ಪಾಠ ಹೇಳುವವರ ಸಮಾಧಾನದಿಂದ, "ಅವರ ಕೈಯ ವಿಷಯ ಅವರಿಗೆ ಗೊತ್ತಿರಬೇಕಲ್ವಾ? ಆಮೇಲೆ ಎಂತ ಬೇಕಾದ್ರೂ ಮಾಡ್ಕೊಳ್ಳಲಿ," ಎಂದಳು.

ಮುಂದಿನ ಭಾನುವಾರ ಶೇಖರನನ್ನು ಊಟಕ್ಕೆ ಕರೆದೆವು. ಹೇಳುವುದನ್ನು ಪಾಯಸದವರೆಗೂ ಮುಂದೂಡಿದೆ. ಕೊನೆಗೆ ಟಿ.ವಿ. ಎದುರು ಕೂರಿಸಿ, ಪರದೆಯ ಮೇಲೆ ಆ ಮೋಡನ್ನು ತೋರಿಸಿ, ಪದ್ಮಕ್ಕ ಹೇಳಿದ್ದನ್ನೆಲ್ಲ ಹೇಳಿದೆ. ಅವನು ನಗುತ್ತಾನೆಂದು ಎಣಿಸಿದ್ದೆ. ಬೈಯಬಹುದೆಂದೂ ಎಣಿಸಿದ್ದೆ. ಅವನು ಎರಡನ್ನೂ ಮಾಡಲಿಲ್ಲ.

"ಹಾಗಾದ್ರೆ ಇಷ್ಟು ವರ್ಷ ನಾನು ಸುಮ್ನೆ ಹೆದರಿದ್ದಾ?" ಎಂದ.

ಹೇಳಬಾರದಿತ್ತು ಎನಿಸಿತು. ಅಡಿಗೆಮನೆಯಲ್ಲಿ ಪಾತ್ರೆ ಎತ್ತಿಡುತ್ತಿದ್ದ ಸುಮಾ ಅವನ ಮಾತು ಕೇಳಿ ಬಂದು ಬಾಗಿಲಲ್ಲಿ ನಿಂತಳು. ಶೇಖರ ಅವಳ ಕಡೆ ತಿರುಗಿ, "ಅತ್ತಿಗೆ, ಅದನ್ನ ತೆಗೆದು ಹಾಕಿ ಕೊಡಿ," ಎಂದ. ಅವಳು ಕ್ಯಾಚ್ ಅಪ್ ತೆಗೆದು, ನಮ್ಮಿಬ್ಬರ ಕೈಗೂ ರಿಮೋಟು ಕೊಟ್ಟಳು.

ನೋಡುವ ಹಾಗಿತ್ತು ನಮ್ಮ ಆಟ. ನಾನು ಎರಡು ಸಲ ಗೋಡೆಗೆ ಗುದ್ದಿದೆ. ಶೇಖರನ ಕಾರು ನೀರಿನಲ್ಲಿ ಮೀನು ಹೋದ ಹಾಗೆ ಹೋಗಿ ಕಣ್ಣಿಗೆ ಕಾಣದಾಯಿತು. ಕೊನೆಯ ತಿರುವು ದಾಟಿದ, ಎದುರಿಗೆ ಗೆರೆ. ಅಲ್ಲಿ ಕಾರು ನಿಧಾನವಾಗಿ ನಿಂತುಬಿಟ್ಟಿತು. ನಾನು ಅವನ ಮುಖ ನೋಡಿದೆ, ಕೈ ನೋಡಿದೆ. ಕೈ ನಡುಗುತ್ತಿರಲಿಲ್ಲ.

"ಎಂತ ಆಯ್ತು?"

"ಗೊತ್ತಿಲ್ಲ ಮಾರಾಯ. ನಿಂತೋಯ್ತು."

ಕಾರು ನಿಂತಿತೋ ಅವನು ನಿಂತನೋ, ನನಗಾಗಿ ಕಾಯುತ್ತಿದ್ದಾನೋ ಹೆದರಿದ್ದಾನೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ತಡವರಿಸುತ್ತ ಬಂದು ಅವನ ಪಕ್ಕದಲ್ಲಿ ನನ್ನ ಕಾರನ್ನೂ ನಿಲ್ಲಿಸಿದೆ. ಗೆರೆಯ ಎದುರು ಎರಡು ಕಾರುಗಳು, ಸೋಫಾದ ಮೇಲೆ ತಲೆ ನೆರೆತ ಇಬ್ಬರು ಗಂಡಸರು. ಗುಂಡಿ ಒತ್ತಿದರೆ ನಾನು ಗೆಲ್ಲುತ್ತಿದ್ದೆ. ಒತ್ತುವ ಆಸೆ ಆಯಿತು, ಸುಳ್ಳೇಕೆ ಹೇಳಲಿ.

"ಹೋಗು ಮಾರಾಯ," ಎಂದೆ.

ಅವನು ಹೋದ. ಗೆರೆ ದಾಟಿದ್ದಕ್ಕೆ ಪರದೆಯ ಮೇಲೆ ಪಟಾಕಿ ಹಾರಿತು. ಅವನು ಅದನ್ನು ನೋಡಲಿಲ್ಲ. ಅಂಗೈಯನ್ನು ಪಂಚೆಗೆ ಒರೆಸಿಕೊಂಡು, ಮತ್ತೆ ರಿಮೋಟು ಹಿಡಿದು, ನನ್ನ ಕಡೆ ತಿರುಗದೆ ಹೇಳಿದ:

"ಅಣ್ಣಂಗೆ ಇವತ್ತೇ ಫೋನ್ ಮಾಡ್ತೀನಿ. ಧಾರೆ ನಾನೇ ತೆಗಿತೀನಿ ಅಂತ. ಈಗ ಇನ್ನೊಂದು ಆಡುವ."

ನನಗೆ ಸಂತೋಷವಾಯಿತು, ಹೊಟ್ಟೆಕಿಚ್ಚೂ ಆಯಿತು. ಯಾವುದು ಎಷ್ಟೆಂದು ಕೇಳಬೇಡಿ. ಎರಡನೆಯ ಆಟದಲ್ಲಿ ಅವನು ಎಲ್ಲೂ ನಿಲ್ಲಲಿಲ್ಲ. ಅವನು ಗೆರೆ ದಾಟಿ, ರಿಮೋಟು ಕೆಳಗಿಟ್ಟು, ಅಂಗಳಕ್ಕೆ ಹೋಗಿ ಅಣ್ಣನೊಡನೆ ದೊಡ್ಡ ದನಿಯಲ್ಲಿ ಮಾತಾಡುತ್ತಿರುವಾಗಲೂ ನಾನು ಆ ಖಾಲಿ ರಸ್ತೆಯಲ್ಲಿ ಕಾರು ಓಡಿಸುತ್ತಲೇ ಇದ್ದೆ.