ಬಾಗಿಲ ಮೇಲಿನ ಸುಣ್ಣದ ಗೆರೆ

ಮ್ಯಾಟ್ರಿಕ್ ಮುಗಿಸಿ ಉದಗೀರದಲ್ಲಿ ಅಪ್ಪನ ಕಿರಾಣಿ ಅಂಗಡಿಯಲ್ಲಿ ಬೆಲ್ಲ ತೂಗುತ್ತ ಕೂತಿದ್ದ ನನಗೆ ಆಗ ಇದ್ದದ್ದು ಒಂದೇ ಆಸೆ. ನಮ್ಮ ಓಣಿಯ ಶಾಲೆಯಲ್ಲಿ ಕನ್ನಡ ವರ್ಗ ತೆರೆಯಬೇಕು, ಅದಕ್ಕೆ ನಾನೇ ಮಾಸ್ತರನಾಗಬೇಕು. ಓಣಿಯ ಮಾತೆಲ್ಲ ಕನ್ನಡ. ಓದು ಮಾತ್ರ ಮೊದಲು ಉರ್ದು, ಪೊಲೀಸ್ ಆಕ್ಷನ್ ಆದಮೇಲೆ ಮರಾಠಿ. ಮಠದ ಅಯ್ಯನವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡು ಕನ್ನಡ ಅಕ್ಷರ ಕಲಿತವನು ನಾನೊಬ್ಬನೇ.

ಓಣಿಯವರೆಲ್ಲ ಸೇರಿ ಶಿಕ್ಷಣ ಖಾತೆಗೆ ಅರ್ಜಿ ಕೊಟ್ಟೆವು. ಕಚೇರಿಯ ಕಾರಕೂನ ಬಂದು ಕನ್ನಡ ಮಾತಾಡುವ ಮನೆಗಳ ಬಾಗಿಲಿಗೆಲ್ಲ ಸುಣ್ಣದ ಗೆರೆ ಎಳೆದ. ಮಂಗಳವಾರ ಖಾತೆಯ ಸಾಹೇಬರು ಬಂದು ಗೆರೆಯಿದ್ದ ಮನೆಗಳನ್ನು ಬರೆದುಕೊಳ್ಳುವವರಿದ್ದರು. ಸುಣ್ಣದ ಡಬ್ಬಿ ಹಿಡಿದು ಕಾರಕೂನನ ಹಿಂದೆ ಹಿಗ್ಗಿನಿಂದ ಅಲೆದವನು ನಾನೇ.

ನಮ್ಮ ಬಾಗಿಲ ಗೆರೆ ನೋಡಿ ಅವ್ವ ನಿಂತಲ್ಲೇ ನಿಂತಳು. ಪೊಲೀಸ್ ಆಕ್ಷನ್‌ಗೆ ಮುಂಚೆ, ನಿಜಾಮಶಾಹಿಯ ಕಡೆಯ ದಿನಗಳಲ್ಲಿ, ಒಂದು ಮುಂಜಾನೆ ಕೆಲವು ಬಾಗಿಲುಗಳ ಮೇಲೆ ಇಂಥದೇ ಗೆರೆ ಕಂಡಿತ್ತು. ಸಂಜೆಗೆ ನಿಜಾಮನ ಕಡೆಯ ಗುಂಪು ಆ ಮನೆಗಳನ್ನು ಲೂಟಿ ಮಾಡಿತು. ಅದರಲ್ಲಿ ಸೋದರಮಾವನ ಮನೆಯೂ ಒಂದು, ಮಾವ ಉಳಿಯಲಿಲ್ಲ. ಭಾರತದ ದಂಡು ಬಂತು, ರಾಜ್ಯ ಬದಲಾಯಿತು. ತಿಂಗಳೊಳಗೆ ಅದೇ ಗೆರೆ ನಮ್ಮ ಹಿತ್ತಲಾಚೆಯ ಮುಸಲ್ಮಾನ ದರ್ಜಿಯ ಬಾಗಿಲಿಗೂ ಬಿತ್ತು. ಎಳೆದವರು ನಮ್ಮವರೇ. ದರ್ಜಿಯ ಹೆಂಡತಿಯನ್ನು ಅವ್ವ ಎರಡು ದಿನ ಜೋಳದ ಚೀಲಗಳ ಹಿಂದೆ ಬಚ್ಚಿಟ್ಟಳು. ದರ್ಜಿಯನ್ನು ಉಳಿಸಲಾಗಲಿಲ್ಲ.

ಸೋಮವಾರ ನಮ್ಮಲ್ಲಿ ಶಿವನ ವಾರ. ಹೊಸ್ತಿಲು ತೊಳೆದು ವಿಭೂತಿ ಹಚ್ಚುವುದು ರೂಢಿ. ಆ ಸೋಮವಾರ ನಾನು ಊಟಕ್ಕೆ ಬಂದಾಗ ಓಣಿಯ ಬಾಗಿಲುಗಳೆಲ್ಲ ಮೇಲಿನಿಂದ ಕೆಳಗಿನವರೆಗೆ ಒದ್ದೆಯಾಗಿದ್ದವು. ಒಂದು ಗೆರೆಯೂ ಉಳಿದಿರಲಿಲ್ಲ. ಅವ್ವ ಮನೆಮನೆಗೆ ಹೋಗಿ ಹೇಳಿ ಬಂದಿದ್ದಳು. ನನಗೆ ಮೈಯೆಲ್ಲ ಉರಿಯಿತು, ಬಾಯಿಗೆ ಬಂದದ್ದೆಲ್ಲ ಅಂದೆ. ಅವ್ವ ಅರಿವೆ ಹಿಂಡುತ್ತಲೇ ಇದ್ದಳು.

"ಗುರುತು ಹಾಕಿ ಹೋದೋರು ಸುಮ್ಮನ ತಿರುಗಿ ಬಂದಿದ್ದು ನಾ ನೋಡಿಲ್ಲೋ ಯಪ್ಪಾ" ಅಂದಳು. "ನೌಕರಿ ಇಲ್ಲಂದ್ರ ಅಂಗಡಿ ಅದ."

ಮರುದಿನ ಸಾಹೇಬರು ಬಂದರು. ಎರಡು ಬಾಗಿಲು ಬಡಿದರು. ಒಳಗಿನ ಹೆಂಗಸರು ಮರಾಠಿಯಲ್ಲೇ ಮಾತಾಡಿ ಕಳಿಸಿದರು. ಕನ್ನಡದ ಮನೆಗಳಿಲ್ಲ ಎಂದು ಬರೆದುಕೊಂಡು ಸಾಹೇಬರು ಹೋದರು. ನಾನು ಅವ್ವನ ಜೊತೆ ಬಹಳ ದಿನ ಮಾತು ಬಿಟ್ಟೆ.

ಈಗ ಪೇಪರಿನಲ್ಲಿ ದೂರದೇಶದ ಗಡಿಜಗಳ ಓದುವಾಗ ನಾನು ನಕ್ಷೆ ನೋಡುವುದಿಲ್ಲ. ಅಲ್ಲಿನ ಮುದುಕಿಯರಿಗೆ ಏನೇನು ನೆನಪಿದೆಯೋ ಎಂದು ಯೋಚಿಸುತ್ತೇನೆ. ದೊಡ್ಡವರ ಭಾಷಣಗಳಲ್ಲಿ ಅದು ಇರುವುದಿಲ್ಲ.

ಸಾಹೇಬರು ಬಂದುಹೋದ ಕೆಲವು ವರ್ಷಕ್ಕೆ, ಭಾಷೆಯ ಮೇಲೆ ರಾಜ್ಯಗಳನ್ನು ಒಡೆದು ಕಟ್ಟುವ ಗದ್ದಲ ಎದ್ದಿತು. ಒಂದು ಮಧ್ಯಾಹ್ನ ಕೈಯಲ್ಲಿ ಬಡಿಗೆ ಹಿಡಿದ ಗುಂಪು ಓಣಿಗೆ ನುಗ್ಗಿತು. ಅವರಲ್ಲಿ ನಮ್ಮ ಅಂಗಡಿಗೆ ಬಂದು ನನ್ನ ಮರಾಠಿಯನ್ನಷ್ಟೇ ಕೇಳಿದ್ದ ಗಿರಾಕಿಗಳೂ ಇದ್ದರು. ಇಲ್ಲಿ ಕಾನಡಿ ಮನೆಗಳು ಯಾವುವು ಎಂದು ಒಬ್ಬ, ನಮ್ಮ ಹೊಸ್ತಿಲಲ್ಲಿ ನಿಂತಿದ್ದ ನನ್ನನ್ನೇ ಮರಾಠಿಯಲ್ಲಿ ಕೇಳಿದ. ಒಂದೂ ಇಲ್ಲ ಎಂದು ಮರಾಠಿಯಲ್ಲೇ ಹೇಳಿದೆ, ಒಂಚೂರೂ ತಡವರಿಸದೆ.

ಅಷ್ಟರಲ್ಲಿ ಒಳಗಿನಿಂದ ಅವ್ವ, "ಯಾರ ಬಂದಾರೋ ಯಪ್ಪಾ?" ಅಂದಳು.

ಗುಂಪು ನನ್ನ ಮುಖ ನೋಡಿತು. ನಾನು ತಿರುಗಿ, ಹುಟ್ಟಿದಾಗಿನಿಂದ ಎಂದೂ ಆಕೆಯೊಡನೆ ಆಡದ ಮರಾಠಿಯಲ್ಲಿ, ಮನೆಗೆಲಸದವಳನ್ನು ಗದರಿಸಿದ ಹಾಗೆ, "ಗಪ್ಪ ಬಸ, ಮ್ಹಾತಾರೇ" ಎಂದೆ. ಸುಮ್ಮನೆ ಕೂತಿರು, ಮುದುಕಿ.

ಅವರು ಹೋದರು. ಅವ್ವ ಆಮೇಲೆಯೂ ಸುಮ್ಮನೆ ಕೂತೇ ಇದ್ದಳು.